ಒಂಬತ್ತು ವರ್ಷದ ಸಂಪಿಗೆ, ಒಂದು ಹೂವೂ ಇಲ್ಲ: ಕಡಿಯೋದಾ, ಕಾಯೋದಾ?

ಹಿತ್ತಲಮನೆ (ಮೈಸೂರು), ಮಾರ್ಚ್ 4

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಮನೆಯಲ್ಲಿ ಇದೇ ಮಾತು, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು 40x60 ಸೈಟು. ಹಿಂದುಗಡೆ ಹದಿನೈದು ಅಡಿ ಜಾಗ ಬಿಟ್ಟಿದ್ದೇವೆ. ಗೃಹಪ್ರವೇಶ ಆದ ವರ್ಷ ನಮ್ಮ ಮಾವ ಅಲ್ಲಿ ಒಂದು ಸಂಪಿಗೆ ಸಸಿ ನೆಟ್ಟರು. ಮಾವ ಈಗ ಇಲ್ಲ. ಸಸಿ ಮರವಾಗಿ ತಾರಸಿ ಮಟ್ಟಕ್ಕೆ ಬಂದಿದೆ. ಎಲೆ ಒಂದೊಂದೂ ಅಂಗೈಗಿಂತ ಉದ್ದ, ಕಡು ಹಸಿರು. ಆದರೆ 9 ವರ್ಷದಲ್ಲಿ ಒಂದೇ ಒಂದು ಹೂ ಬಿಟ್ಟಿಲ್ಲ. ಅತ್ತೆಗೆ ಮನೆಯ ಸಂಪಿಗೆಯನ್ನೇ ದೇವರಿಗೆ ಏರಿಸಬೇಕು ಅಂತ ಆಸೆ. ಯಜಮಾನರು ಮಾತ್ರ "ಇನ್ನು ಸಾಕು, ಕಡಿಸಿ ಆ ಜಾಗಕ್ಕೆ ಮಾವು ಹಾಕೋಣ" ಅಂತಿದ್ದಾರೆ.

ಇನ್ನೊಂದು ವಿಷಯ. ಕಾಂಪೌಂಡ್ ಗೋಡೆಯಿಂದ ಮೂರು ಅಡಿ ದೂರದಲ್ಲಿ ಹಲಸಿನ ಬೀಜ ಬಿದ್ದು ತಾನಾಗಿ ಹುಟ್ಟಿದೆ. ಎರಡು ವರ್ಷದ ಗಿಡ, ಎದೆ ಮಟ್ಟ ಇದೆ. ಪಕ್ಕದಲ್ಲೇ ಸೆಪ್ಟಿಕ್ ಟ್ಯಾಂಕ್. ಕೀಳೋಕೆ ಮನಸ್ಸು ಬರುತ್ತಿಲ್ಲ.

ಮಣ್ಣು ಕೆಂಪು ಮಣ್ಣು. ಪಾತ್ರೆ ತೊಳೆದ ನೀರು ಸಂಪಿಗೆ ಬುಡಕ್ಕೆ ಹೋಗುತ್ತದೆ. ವರ್ಷಕ್ಕೆ ಎರಡು ಸಲ ಎರಡೆರಡು ಹಿಡಿ ಯೂರಿಯಾ ಹಾಕುತ್ತೇನೆ. ಇನ್ನೇನು ಮಾಡಬೇಕು?

ಬೆಟ್ಟದಬೇರು (ಶಿರಸಿ)

ದಯವಿಟ್ಟು ಕಡಿಸಬೇಡಿ ಅಕ್ಕ. ಮಾವ ನೆಟ್ಟಿದ್ದು ಬೀಜದ ಸಸಿಯೋ ಕಸಿಯೋ? ಬೀಜದ ಸಂಪಿಗೆಗೆ ಏಳರಿಂದ ಹತ್ತು ವರ್ಷ ಹಿಡಿಯೋದು ಸಾಮಾನ್ಯ. ಕಸಿಯಾದರೆ ಎರಡು ಮೂರು ವರ್ಷಕ್ಕೇ ಹೂ ಕಾಣುತ್ತದೆ. ನಮ್ಮ ಮನೆಯ ಅಂಗಳದ್ದು ಹನ್ನೊಂದನೇ ವರ್ಷಕ್ಕೆ ಬಿಟ್ಟಿತು. ಈಗ ಅದರ ಪರಿಮಳ ರಸ್ತೆ ತನಕ ಹೋಗುತ್ತದೆ.

ಯೂರಿಯಾ ಮಾತ್ರ ಇವತ್ತೇ ನಿಲ್ಲಿಸಿ. ಸಾರಜನಕ ಜಾಸ್ತಿಯಾದರೆ ಮರ ಬರೀ ಎಲೆ ಮಾಡುತ್ತದೆ. ನಿಮ್ಮ ಕಡು ಹಸಿರು ಎಲೆಯೇ ಅದನ್ನು ಹೇಳುತ್ತಿದೆ.

ಪುತ್ತೂರಿನವ

ಹಲಸು ಅಲ್ಲಿ ಬೇಡವೇ ಬೇಡ. ಸೆಪ್ಟಿಕ್ ಟ್ಯಾಂಕಿನ ಬದಿಯಲ್ಲಿ ಹಲಸು ಇಟ್ಟರೆ ಹತ್ತು ವರ್ಷದಲ್ಲಿ ಗೋಡೆಯೂ ಇಲ್ಲ, ಟ್ಯಾಂಕೂ ಇಲ್ಲ. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಇದೇ ಆಗಿತ್ತು. ಟ್ಯಾಂಕಿನ ಬಿರುಕಿನ ಒಳಗೆ ಹಲಸಿನ ಬೇರು ಜಡೆ ಹಾಗೆ ಇಳಿದಿತ್ತು. ತೆಗೆಯಲಿಕ್ಕೆ ಎರಡು ದಿನ ಬೇಕಾಯಿತು.

ಕಾವೇರಿತೀರ (ಮಂಡ್ಯ)

ಸಂಪಿಗೆಗೆ ನಾಲ್ಕು ಕಬ್ಬಿಣದ ಮೊಳೆ ಹೊಡೆಯಿರಿ. ನಮ್ಮಜ್ಜಿ ಹಾಗೇ ಮಾಡಿಸೋರು. ಮುಂದಿನ ವರ್ಷವೇ ಹೂ ಬರುತ್ತೆ.

ಬೆಟ್ಟದಬೇರು (ಶಿರಸಿ)

ಮೊಳೆ ಬೇಡ ಅಣ್ಣ. ತೊಗಟೆಗೆ ಗಾಯ ಮಾಡಿದರೆ ಎಲೆ ತಯಾರಿಸಿದ ಆಹಾರ ಕೆಳಗೆ ಬೇರಿಗೆ ಇಳಿಯದೆ ಮೇಲೇ ಉಳಿಯುತ್ತದೆ, ಒಮ್ಮೊಮ್ಮೆ ಹೂವೂ ಬರುತ್ತದೆ, ನಿಜ. ಅಜ್ಜಿ ಕಂಡದ್ದು ಸುಳ್ಳಲ್ಲ. ಆದರೆ ಅದೇ ಗಾಯದಿಂದ ಕಾಂಡ ಕೊರೆಯುವ ಹುಳವೂ ಬೂಸ್ಟೂ ಒಳಗೆ ಹೋಗುತ್ತವೆ. ಮೊಳೆ ನಾಲ್ಕು ದಿಕ್ಕಿಗೆ ನಾಲ್ಕು ಚುಕ್ಕಿ, ಅಷ್ಟರಿಂದ ಆಹಾರ ನಿಲ್ಲೋದೂ ಇಲ್ಲ. ಲಾಭ ಅನುಮಾನ, ಗಾಯ ಖಂಡಿತ.

ಕಾವೇರಿತೀರ (ಮಂಡ್ಯ)

ನಮ್ಮ ಮನೆ ಮರ ಮೊಳೆ ಹೊಡೆದ ಮೇಲೂ ಮೂವತ್ತು ವರ್ಷ ಬದುಕಿತ್ತು. ಕಣ್ಣಾರೆ ನೋಡಿದ್ದನ್ನೇ ಹೇಳುತ್ತಿದ್ದೇನೆ.

ನೀಲಿಬಾಗಿಲು (ಚಾಮರಾಜನಗರ)

ಸಂಪಿಗೆ ಪರಿಮಳಕ್ಕೆ ಹಾವು ಬರುತ್ತೆ ಅಂತಾರಲ್ಲ? ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಯೋಚನೆ ಮಾಡಿ.

ಚಿಟ್ಟೆಹುಡುಗ (ಶಿವಮೊಗ್ಗ)

ಹಾವು ಹೂವಿನ ವಾಸನೆಗೆ ಬರೋದಿಲ್ಲ. ಇಲಿ, ಕಪ್ಪೆ ಹುಡುಕಿಕೊಂಡು ಬರುತ್ತದೆ. ಬುಡದಲ್ಲಿ ಎಲೆ ರಾಶಿ, ಒಡೆದ ಹೆಂಚು, ಸೌದೆ ಪೇರಿಸಿಟ್ಟಿದ್ದರೆ ಯಾವ ಮರವಾದರೂ ಬರುತ್ತದೆ. ಬುಡ ಚೊಕ್ಕಟ ಇದ್ದರೆ ಸಾಕು.

ನೀವು ಚಾಮರಾಜನಗರದವರು ಅಂತ ಹೇಳುತ್ತಿದ್ದೇನೆ, ನಿಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೇ ದೊಡ್ಡ ಸಂಪಿಗೆ ಇದೆ. ಸೋಲಿಗರು ಅದನ್ನು ದೇವರೆಂದು ಪೂಜಿಸುತ್ತಾರೆ. ಒಮ್ಮೆ ಆ ಬುಡದ ಹತ್ತಿರ ನಿಂತು ಬನ್ನಿ. ಮತ್ತೆ ಸಂಪಿಗೆ ಕಡಿಯುವ ಮಾತೇ ಬಾಯಿಗೆ ಬರೋದಿಲ್ಲ.

ನೀಲಿಬಾಗಿಲು (ಚಾಮರಾಜನಗರ)

ಅಲ್ಲಿಗೆ ಹೋಗಿದ್ದೇನೆ. ನಾಲ್ಕು ಜನ ತಬ್ಬಿದರೂ ಬುಡ ಸಿಗೋದಿಲ್ಲ. ಹಾವಿನ ಮಾತು ಹಿಂದಕ್ಕೆ ತಗೊಂಡೆ.

ಹಳೇಮೈಸೂರು

ಕಡಿಯೋದೇ ಆದರೂ ಸುಮ್ನೆ ಆಳು ಕರೆದು ಕಡಿಸುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮದೇ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಕೇಳಬೇಕು. ಯಜಮಾನರಿಗೆ ಇದನ್ನು ಮೊದಲು ಹೇಳಿ.

ಎರೆಮಣ್ಣು (ಧಾರವಾಡ)

ಮೇಡಂ, ಎಲ್ಲರೂ ಉತ್ತರ ಹೇಳುತ್ತಿದ್ದಾರೆ, ಮರವನ್ನು ಯಾರೂ ಕೇಳಿಲ್ಲ. ಮೂರು ಪ್ರಶ್ನೆಗೆ ಉತ್ತರ ಕೊಡಿ.

ಮರಕ್ಕೆ ದಿನಕ್ಕೆ ಎಷ್ಟು ಹೊತ್ತು ನೇರ ಬಿಸಿಲು ಬೀಳುತ್ತದೆ? ಬುಡದಲ್ಲಿ ನೀರು ನಿಲ್ಲುತ್ತದಾ? ಯಾವಾಗಲಾದರೂ ಕೊಂಬೆ ಕತ್ತರಿಸುತ್ತೀರಾ, ಕತ್ತರಿಸಿದರೆ ಯಾವ ತಿಂಗಳು?

ಹಿತ್ತಲಮನೆ (ಮೈಸೂರು), ಮಾರ್ಚ್ 5

ಇಷ್ಟೊಂದು ಜನ ಉತ್ತರಿಸಿದ್ದೀರಿ, ತುಂಬಾ ಸಂತೋಷ. ಅತ್ತೆಗೆ ಒಂದೊಂದೇ ಓದಿ ಹೇಳಿದೆ. ಮೊಳೆ ಬೇಡ ಅಂದರು.

ಬಿಸಿಲು ಬೆಳಗ್ಗೆ ಎಂಟರಿಂದ ಎರಡು ಗಂಟೆ ತನಕ ಚೆನ್ನಾಗಿದೆ. ನೀರು ನಿಲ್ಲೋದಿಲ್ಲ, ಆದರೆ ಮಣ್ಣು ವರ್ಷವಿಡೀ ಒದ್ದೆ. ಕತ್ತರಿಸೋದು, ಹೌದು. ಪಕ್ಕದ ಮನೆಯವರ ಅಂಗಳಕ್ಕೆ ಎಲೆ ಬೀಳುತ್ತದೆ ಅಂತ ಪ್ರತಿ ವರ್ಷ ಯುಗಾದಿ ಸುಣ್ಣ ಬಣ್ಣದ ಹೊತ್ತಿಗೆ ಮೇಲಿಂದ ಮೂರು ನಾಲ್ಕು ಅಡಿ ತೆಗೆಸುತ್ತೇವೆ. ಐದಾರು ವರ್ಷದಿಂದ ಹೀಗೇ ನಡೆದಿದೆ. ಈ ಸಲ ಆಳು ಸಿಕ್ಕಿಲ್ಲ, ಇನ್ನೂ ಕತ್ತರಿಸಿಲ್ಲ. ಬೀಜದ ಸಸಿಯೇ ಇರಬೇಕು, ಮಾವ ಯಾವುದೋ ದೇವಸ್ಥಾನದ ಅಂಗಳದಿಂದ ತಂದಿದ್ದು.

ಎರೆಮಣ್ಣು (ಧಾರವಾಡ)

ಸಿಕ್ಕಿತು ನೋಡಿ!

ಮರ ಹೂ ಬಿಡುತ್ತಿಲ್ಲ ಅಲ್ಲ, ನೀವು ಬಿಡೋಕೆ ಕೊಟ್ಟಿಲ್ಲ. ಸಂಪಿಗೆ ಹೂ ಬರೋದು ಎಲೆಯ ಕಂಕುಳಲ್ಲಿ, ಅಂದರೆ ಎಲೆ ತೊಟ್ಟು ಕವಲಿಗೆ ಸೇರುವ ಮೂಲೆಯಲ್ಲಿ, ಅದೂ ಕವಲು ಸ್ವಲ್ಪ ಬಲಿತ ಮೇಲೆ. ಮಾರ್ಚಿನಲ್ಲಿ ತಲೆ ಕತ್ತರಿಸಿದರೆ ಮರ ಗಾಬರಿಯಿಂದ ನೆಟ್ಟಗೆ ಮೇಲಕ್ಕೆ ಓಡುವ ಚಿಗುರು ಬಿಡುತ್ತದೆ. ಆ ಚಿಗುರಿನಲ್ಲಿ ಬರೀ ಎಲೆ. ಅದು ಬಲಿತು ಹೂವಿನ ಯೋಚನೆ ಮಾಡೋ ಹೊತ್ತಿಗೆ ಮತ್ತೆ ಯುಗಾದಿ, ಮತ್ತೆ ಕತ್ತಿ. ಅದರ ಮೇಲೆ ಯೂರಿಯಾ, ವರ್ಷವಿಡೀ ನೀರು. ಮರಕ್ಕೆ ಬೆಳೆ, ಬೆಳೆ ಅನ್ನೋದೊಂದೇ ಸಂದೇಶ ಹೋಗುತ್ತಿದೆ.

ಈ ವರ್ಷ ಕತ್ತಿ ಮುಟ್ಟಬೇಡಿ. ಆಳು ಸಿಗದೆ ಇದ್ದದ್ದೇ ಒಳ್ಳೆಯದಾಯಿತು.

ತಾರಸಿತೋಟ (ಬೆಂಗಳೂರು)

ಒಪ್ಪೋದಿಲ್ಲ ಸರ್. ನಾನು ಸೀಬೆ ಗಿಡ ಪ್ರತಿ ವರ್ಷ ಕತ್ತರಿಸುತ್ತೇನೆ, ಕತ್ತರಿಸಿದಷ್ಟೂ ಜಾಸ್ತಿ ಕಾಯಿ. ಕತ್ತರಿಸೋದೇ ತಪ್ಪು ಅಂದರೆ ಜನ ಮರವನ್ನು ಮನೆ ಮೇಲೆ ಬೆಳೆಸುತ್ತಾರೆ.

ಎರೆಮಣ್ಣು (ಧಾರವಾಡ)

ಕತ್ತರಿಸೋದು ತಪ್ಪು ಅಂತ ನಾನೆಲ್ಲಿ ಹೇಳಿದೆ? ಮರ ನೋಡಿ ಕತ್ತರಿಸಿ ಅಂದೆ. ಪೇರಲ ಹೂ ಬಿಡೋದು ಹೊಸ ಚಿಗುರಿನ ಮೇಲೆ, ಅದಕ್ಕೆ ಕತ್ತರಿಸಿದಷ್ಟೂ ಕಾಯಿ. ಮಾವು ಹೂ ಬಿಡೋದು ಬಲಿತ ಕಡ್ಡಿಯ ತುದಿಯಲ್ಲಿ. ಅದನ್ನು ಹಣ್ಣು ಕೊಯ್ದ ತಕ್ಷಣ ಕತ್ತರಿಸಬೇಕು. ನವೆಂಬರಿನಲ್ಲಿ ಮಾವಿನ ತುದಿ ತೆಗೆದು ಜನವರಿಯಲ್ಲಿ ಹೂ ಇಲ್ಲ ಅಂತ ಅಳೋರನ್ನು ಎಷ್ಟು ನೋಡಿಲ್ಲ ನಾನು. ಸಂಪಿಗೆಯ ಎತ್ತರ ಇಳಿಸೋದಿದ್ದರೆ ಹೂವಿನ ಕಾಲ ಮುಗಿದ ಮೇಲೆ, ಅದೂ ಒಂದು ವರ್ಷ ಒಂದು ಕೊಂಬೆ. ಎಲ್ಲ ಕೊಂಬೆಯನ್ನೂ ಒಂದೇ ದಿನ ಬೋಳಿಸಬಾರದು.

ತಾರಸಿತೋಟ (ಬೆಂಗಳೂರು)

ಸರಿ, ಹೀಗೆ ಬಿಡಿಸಿ ಹೇಳಿದರೆ ಒಪ್ಪುತ್ತೇನೆ. ಮಾವಿನ ಮಾತು ನನಗೂ ಹೊಸದು. ನನ್ನ ಡ್ರಮ್ಮಿನ ಮಲ್ಲಿಕಾ ಮಾವು ಎರಡು ವರ್ಷದಿಂದ ಯಾಕೆ ಕೈಕೊಡ್ತಿದೆ ಅಂತ ಈಗ ಗೊತ್ತಾಯಿತು.

ಬಾಳೆದಿಂಡು (ಹಾವೇರಿ)

ಸೀಬೆ ಅಂದರೆ ಪೇರಲಾನಾ? ಇಷ್ಟು ದಿನ ಬೇರೆ ಹಣ್ಣು ಅಂದುಕೊಂಡಿದ್ದೆ.

ಪುತ್ತೂರಿನವ

ನಮ್ಮಲ್ಲಿ ಪೇರಳೆ. ಬೆಂಗಳೂರಿನವರು ಸೀಬೆ, ಇನ್ನು ಕೆಲವರು ಚೇಪೆ. ನಿಮ್ಮ ಕಡೆ ಚಿಕ್ಕು ಅನ್ನೋದು ಮೈಸೂರಿನಲ್ಲಿ ಸಪೋಟ. ನರ್ಸರಿಯಲ್ಲಿ ಹೆಸರು ಹೇಳುವಾಗ ಜಾಗ್ರತೆ ಬೇಕು.

ಗುಬ್ಬಿಸೀಮೆ (ತುಮಕೂರು)

ಹಲಸಿನ ವಿಷಯಕ್ಕೆ ಬರೋಣ. ನನಗೆ ಅದರ ಮೇಲೇ ಪ್ರೀತಿ ಜಾಸ್ತಿ.

ಅಕ್ಕ, ಆ ಗಿಡ ಬೀಜದ್ದು. ತಾಯಿ ಮರದ ಹಣ್ಣು ಎಷ್ಟೇ ರುಚಿ ಇದ್ದರೂ ಬೀಜದ ಮರಿ ಹಾಗೇ ಕೊಡುತ್ತದೆ ಅಂತಿಲ್ಲ. ನೀವು ತಿಂದದ್ದು ಗಟ್ಟಿ ತೊಳೆಯ ಬಕ್ಕೆ ಆಗಿರಬಹುದು, ಇದು ಮೆತ್ತನೆ ತೊಳೆಯ ಅಂಬಲಿ ಆಗಿ ಬರಬಹುದು. ಅದು ಗೊತ್ತಾಗೋಕೆ ಆರೇಳು ವರ್ಷ. ಕಸಿ ಗಿಡವಾದರೆ ಮೂರು ನಾಲ್ಕು ವರ್ಷಕ್ಕೆ ಕಾಯಿ, ಯಾವ ಹಣ್ಣು ಅಂತಲೂ ಮೊದಲೇ ಗೊತ್ತು. ನಮ್ಮ ಗುಬ್ಬಿ ತಾಲೂಕಿನ ಚೇಳೂರಿನ ಸಿದ್ದು ಹಲಸು ಕೇಳಿರಬೇಕು. ಕೆಂಪು ತೊಳೆ, ಹಣ್ಣು ಸುಮಾರು ಎರಡೂವರೆ ಕೆಜಿ. ಒಂದು ಸಂಸಾರ ಒಂದು ಹೊತ್ತಿಗೆ ತಿಂದು ಮುಗಿಸಬಹುದು. ಒಬ್ಬ ರೈತರ ತೋಟದ ಒಂದೇ ಮರ ಅದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿ, ಕಸಿ ಮಾಡೋಕೆ ಆ ಮನೆಯವರ ಜೊತೆಗೇ ಒಪ್ಪಂದ ಮಾಡಿಕೊಂಡಿತು. ದೊಡ್ಡಬಳ್ಳಾಪುರದ ಕಡೆ ತೂಬಗೆರೆ ಹಲಸೂ ಬಹಳ ಚೆನ್ನ.

ಆದರೆ ಯಾವ ಹಲಸಾದರೂ ಮರ ಮರವೇ. ಹದಿನೈದು ಅಡಿ ಹಿತ್ತಲಿಗೆ ಸಂಪಿಗೆ ಒಂದೇ ಸಾಕು.

ಬಾಳೆದಿಂಡು (ಹಾವೇರಿ)

ಹಸಿದು ಹಲಸು, ಉಂಡು ಮಾವು. ನೆನಪಾಯಿತು, ಅಷ್ಟೇ. ಈಗ ಎರಡೂ ಬೇಕು ಅನ್ನಿಸುತ್ತಿದೆ.

ಸೀಗೆಹಟ್ಟಿ (ಹಾಸನ)

ಕಸಿ ಗಿಡ ತಂದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ನನ್ನ ಅನುಭವ ಹೇಳುತ್ತೇನೆ.

ಒಂದು ನರ್ಸರಿಯಿಂದ ಕಸಿ ಹಲಸು ತಂದು ನೆಟ್ಟೆ. ಎರಡು ವರ್ಷ ಭರ್ಜರಿಯಾಗಿ ಬೆಳೆಯಿತು. ಒಂದು ದಿನ ಬುಡದ ಕಳೆ ಕೀಳುವಾಗ ಬಗ್ಗಿ ನೋಡುತ್ತೇನೆ, ಗೇಣುದ್ದ ಮೇಲೆ ಕಸಿ ಕಟ್ಟಿದ ಗಂಟು ಇದೆ. ಗಂಟಿನ ಮೇಲಿನ ಕಡ್ಡಿ ಬೆರಳು ಗಾತ್ರ, ಒಣಗಿ ಕರಿಯಾಗಿದೆ. ಪಕ್ಕದಲ್ಲಿ ಗಂಟಿನ ಕೆಳಗಿಂದ ಹುಟ್ಟಿದ ಚಿಗುರೇ ನನ್ನ ತೋಳು ಗಾತ್ರ ಆಗಿದೆ. ನಾನು ನೀರು ಹಾಕಿ ಸಾಕಿದ್ದು ಕೆಳಗಿನ ಬೀಜದ ಗಿಡವನ್ನು. ಕಸಿ ಪ್ಲಾಸ್ಟಿಕ್ ಪಟ್ಟಿಯನ್ನೂ ಬಿಚ್ಚಿರಲಿಲ್ಲ, ಅದು ಕಡ್ಡಿಗೆ ಕುಣಿಕೆಯಾಗಿ ಬಿಗಿದಿತ್ತು. ಅವತ್ತು ಬಹಳ ಬೇಜಾರಾಯಿತು.

ಅದಕ್ಕೆ ಹೊಸಬರು ಮೂರು ಕೆಲಸ ಮಾಡಿ. ನೆಡುವಾಗ ಗಂಟು ಮಣ್ಣಿಗಿಂತ ಮೇಲಿರಲಿ. ಕಸಿ ಕೂಡಿಕೊಂಡ ಮೇಲೆ ಪಟ್ಟಿ ಬಿಚ್ಚಿ. ಗಂಟಿನ ಕೆಳಗೆ ಏನು ಚಿಗುರಿದರೂ ಉಗುರಿನಲ್ಲೇ ಚಿವುಟಿ.

ಬೆಟ್ಟದಬೇರು (ಶಿರಸಿ)

ಇದು ಎಲ್ಲರೂ ಬರೆದಿಟ್ಟುಕೊಳ್ಳಬೇಕಾದ ಮಾತು.

ಬೀಜದ ಗಿಡದ ಇನ್ನೊಂದು ತೊಂದರೆ, ಗಂಡು ಹೆಣ್ಣಿನದು. ನಮ್ಮ ಮುರುಗಲು, ಕರಾವಳಿಯವರ ಪುನರ್ಪುಳಿ, ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಹಾಕಿದರೆ ಹೆಚ್ಚುಕಡಿಮೆ ಅರ್ಧ ಗಂಡೇ. ಅಪ್ಪ ನೆಟ್ಟ ಮುರುಗಲು ಎಂಟನೇ ವರ್ಷ ಹೂ ಬಿಟ್ಟಿತು, ಮನೆಯಲ್ಲಿ ಎಲ್ಲರಿಗೂ ಖುಷಿ. ಹೂವೆಲ್ಲ ಉದುರಿ ನೆಲ ತುಂಬಿತು, ಒಂದು ಕಾಯಿ ಕಚ್ಚಲಿಲ್ಲ. ಗಂಡು ಮರ. ಆಮೇಲೆ ಅದರ ಚಿಗುರಿಗೆ ಹೆಣ್ಣು ಮರದ ಕಡ್ಡಿ ತಂದು ಕಸಿ ಕಟ್ಟಿಸಿದೆವು. ಈಗ ಬೇಸಿಗೆಗೆ ಬೇಕಾದಷ್ಟು ಶರಬತ್ತು.

ಕಡ್ಡಿ ಆರಿಸುವಾಗ ನೆಟ್ಟಗೆ ಬೆಳೆಯುವ ಕವಲಿನದ್ದೇ ಬೇಕು. ಪಕ್ಕದ ಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಜೀವನವಿಡೀ ಅಡ್ಡಡ್ಡ ಹರಡುತ್ತದೆ. ಜಾಯಿಕಾಯಿಯೂ ಹೀಗೇ.

ಪುತ್ತೂರಿನವ

ಹೌದು, ರಂಬುಟಾನ್ ಕೂಡ ಬೀಜದಿಂದ ಬೇಡ. ಗಂಡು ಆದರೆ ಬರೀ ನೆರಳು. ಬೀಜದಿಂದ ಧೈರ್ಯವಾಗಿ ನೆಡಬಹುದಾದದ್ದು ಮ್ಯಾಂಗೋಸ್ಟೀನ್. ಅದರ ಬೀಜ ಪರಾಗ ಇಲ್ಲದೆಯೇ ಆಗುವಂಥದ್ದು, ಮರಿ ತಾಯಿಯ ಹಾಗೇ ಇರುತ್ತದೆ. ಆದರೆ ತಾಳ್ಮೆ ಬೇಕು ಮಾರಾಯ್ರೇ, ಎಂಟು ಹತ್ತು ವರ್ಷ. ನಮ್ಮ ಕರಾವಳಿಯ ತೇವಕ್ಕೆ ಸರಿ. ಮೈಸೂರು, ಧಾರವಾಡದ ಒಣ ಗಾಳಿಗೆ ಕಷ್ಟ ಉಂಟು.

ಮರಳಿನೂರು (ಮಸ್ಕತ್)

ಓದಿ ಓದಿ ಊರಿನ ನೆನಪು ಜಾಸ್ತಿ ಆಯಿತು. ನಾನು ಕುಂದಾಪುರದವಳು. ಇಲ್ಲಿ ಸಂಪಿಗೆ ಎರಡು ಸಲ ತಂದು ನೆಟ್ಟೆ, ಎರಡೂ ಹೋದವು. ಮೊದಲು ಎಲೆಯ ತುದಿ ಕಂದು ಬಣ್ಣವಾಗಿ, ಅಂಚು ಸುಟ್ಟ ಹಾಗಾಗಿ, ಆಮೇಲೆ ಪೂರ್ತಿ ಉದುರುತ್ತದೆ. ಮೇಯಲ್ಲಿ ನಲವತ್ತೈದು ಡಿಗ್ರಿ ಬಿಸಿಗಾಳಿ, ಬಾವಿ ನೀರಿನಲ್ಲಿ ಉಪ್ಪು. ಮಲ್ಲಿಗೆ ಮತ್ತು ದೇವಕಣಗಿಲೆ ಮಾತ್ರ ಚೆನ್ನಾಗಿ ಬಂದಿವೆ.

ದಕ್ಷಿಣದ ಸಲಾಲಾಗೆ ಹೋದರೆ ಬೇರೆಯೇ ಲೋಕ. ಜೂನಿನಿಂದ ಸೆಪ್ಟೆಂಬರ್ ತನಕ ಅಲ್ಲಿ ನಮ್ಮದೇ ಮುಂಗಾರಿನ ಮಂಜು, ತುಂತುರು. ತೆಂಗು, ಬಾಳೆ, ಪಪ್ಪಾಯಿ ರಸ್ತೆ ಬದಿಯಲ್ಲೇ ಮಾರುತ್ತಾರೆ. ಮೊದಲ ಸಲ ನೋಡಿದಾಗ ಕಣ್ಣಲ್ಲಿ ನೀರು ಬಂತು.

ದೇವಕಣಗಿಲೆ ಬೇಕಾದವರು ಕಡ್ಡಿ ಮುರಿದು ತಕ್ಷಣ ನೆಡಬೇಡಿ. ಒಂದು ವಾರ ನೆರಳಲ್ಲಿಟ್ಟು ಹಾಲು ಒಣಗಲಿ. ಇಲ್ಲದಿದ್ದರೆ ಕೊಳೆಯುತ್ತದೆ.

ಎರೆಮಣ್ಣು (ಧಾರವಾಡ)

ಅಕ್ಕ, ಕುಂಡಕ್ಕೆ ತಿಂಗಳಿಗೊಮ್ಮೆ ಸಿಹಿ ನೀರು ತುಂಬಿ ತುಂಬಿ ಹಾಕಿ, ತಳದಿಂದ ಹರಿದು ಹೋಗಲಿ. ಕೂತಿರುವ ಉಪ್ಪು ತೊಳೆದುಹೋಗುತ್ತದೆ. ದಿನಾ ಚೂರು ಚೂರು ನೀರು ಹಾಕಿದರೆ ಉಪ್ಪು ಮೇಲೇ ಉಳಿಯುತ್ತದೆ.

ಗಾಂಧಿಬಜಾರಿನವಳು (ಬೆಂಗಳೂರು)

ನನ್ನದೂ ಒಂದು ಪ್ರಶ್ನೆ. 30x40 ಸೈಟಿನ ಮುಂದೆ ಎಂಟು ಅಡಿ ಜಾಗ ಇದೆ. ಹೂವಿನ ಮರ ಬೇಕು. ಗುಲ್‌ಮೊಹರ್ ಹಾಕಲಾ? ಇಲ್ಲಾ ಗುಲಾಬಿ ಬಣ್ಣದ ತಬೂಬಿಯಾ?

ಹಳೇಮೈಸೂರು

ಎರಡೂ ಬೇಡ. ಗುಲ್‌ಮೊಹರ್ ಮಡಗಾಸ್ಕರಿನ ಮರ, ಕೊಡೆ ಹಾಗೆ ಮೂವತ್ತು ಅಡಿ ಹರಡುತ್ತದೆ. ಕೊಂಬೆಗೆ ಗಟ್ಟಿತನ ಇಲ್ಲ, ಬೇಸಿಗೆಯ ಮೊದಲ ಗಾಳಿಮಳೆಗೇ ಮುರಿಯುತ್ತದೆ. ಅವೆಲ್ಲ ಉದ್ಯಾನಕ್ಕೆ, ಅಗಲ ರಸ್ತೆಗೆ ಸರಿ. ಹಿಂದೆ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನಿಯ ಸಸ್ಯತಜ್ಞ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಿಗೆ ಒಂದಾದ ಮೇಲೊಂದು ಹೂ ಬಿಡೋ ಮರಗಳನ್ನು ಯೋಚಿಸಿ ಹಾಕಿಸಿದರು. ಅವರು ಆರಿಸಿದ್ದು ಬೀದಿಗೆ, 30x40 ಸೈಟಿಗಲ್ಲ.

ಎಂಟು ಅಡಿಗೆ ಪಾರಿಜಾತ ಹಾಕಿ. ಮಳೆಗಾಲ ಮುಗಿಯುವ ಹೊತ್ತಿಗೆ ದಿನಾ ಬೆಳಗ್ಗೆ ನೆಲದ ಮೇಲೆ ಕಿತ್ತಳೆ ತೊಟ್ಟಿನ ಬಿಳಿ ಹೂ ಹಾಸು. ಹೂ ಮುಗಿದ ಮೇಲೆ ಅರ್ಧಕ್ಕೆ ಕತ್ತರಿಸಿದರೂ ಬೇಸರ ಮಾಡಿಕೊಳ್ಳದ ಗಿಡ ಅದು.

ಗಾಂಧಿಬಜಾರಿನವಳು (ಬೆಂಗಳೂರು)

ನಾಗಲಿಂಗ ಪುಷ್ಪ? ಅಮ್ಮನಿಗೆ ಬಹಳ ಇಷ್ಟ.

ಬೆಟ್ಟದಬೇರು (ಶಿರಸಿ)

ಬೇಡ ತಂಗಿ. ಅದರ ಕಾಯಿ ತೆಂಗಿನಕಾಯಿಯಷ್ಟು ದಪ್ಪ, ಮೇಲಿಂದ ಬಿದ್ದರೆ ತಲೆ ಒಡೆಯುತ್ತದೆ. ಒಡೆದ ಕಾಯಿಯ ನಾತವೂ ಸಹಿಸೋಕಾಗದು. ದೇವಸ್ಥಾನದ ವಿಶಾಲ ಅಂಗಳಕ್ಕೆ ಅದು ಸರಿ.

ಸ್ವಲ್ಪ ಕಾಯುವ ಮನಸ್ಸಿದ್ದರೆ ರಂಜದ ಮರ ನೋಡಿ, ಬಕುಳ ಅಂತಾರಲ್ಲ ಅದು. ನಿಧಾನ ಬೆಳೆಯುತ್ತದೆ, ಕತ್ತರಿಸಿ ಗುಂಡಗೆ ಇಟ್ಟುಕೊಳ್ಳಬಹುದು. ಹೂ ಒಣಗಿದ ಮೇಲೂ ಪರಿಮಳ ಹೋಗೋದಿಲ್ಲ. ಅಮ್ಮನ ಸೀರೆ ಪೆಟ್ಟಿಗೆಯಲ್ಲಿ ಹಾಕಿಡಿ.

ಹಿತ್ತಲಮನೆ (ಮೈಸೂರು), ಮಾರ್ಚ್ 11

ಯಜಮಾನರಿಗೆ ಇಡೀ ಚರ್ಚೆ ತೋರಿಸಿದೆ. ಕತ್ತರಿಸಿದ್ದೇ ಕಾರಣ ಅಂತ ಓದಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ತಾವೇ ಪಕ್ಕದ ಮನೆಗೆ ಹೋಗಿ, ಬಿದ್ದ ಎಲೆಯನ್ನು ಪ್ರತಿ ಭಾನುವಾರ ನಾವೇ ಬಂದು ಗುಡಿಸುತ್ತೇವೆ, ಒಂದು ವರ್ಷ ಅವಕಾಶ ಕೊಡಿ ಅಂತ ಕೇಳಿ ಬಂದರು. ಅವರೂ ಒಪ್ಪಿದರು. ಪಾತ್ರೆ ನೀರಿನ ಪೈಪನ್ನು ಬಾಳೆಗೆ ತಿರುಗಿಸಿದ್ದೇವೆ. ಯೂರಿಯಾ ಚೀಲ ಅಣ್ಣನ ಗದ್ದೆಗೆ ಹೋಯಿತು.

ಹಲಸಿನ ಗಿಡವನ್ನೂ ಅಣ್ಣ ತನ್ನ ತೋಟಕ್ಕೆ ಒಯ್ಯುತ್ತೇನೆ ಅಂದಿದ್ದಾನೆ. ಕಿತ್ತರೆ ಬದುಕುತ್ತದಾ?

ಗುಬ್ಬಿಸೀಮೆ (ತುಮಕೂರು)

ಹಲಸಿನದು ತಾಯಿಬೇರು. ಅದು ತುಂಡಾದರೆ ಕಷ್ಟ, ಆದರೆ ಪ್ರಯತ್ನ ಮಾಡಬಹುದು. ಈಗ ಕೀಳಬೇಡಿ, ಬೇಸಿಗೆ. ಮೇ ಕೊನೆಗೆ ಬುಡದ ಸುತ್ತ ಒಂದೂವರೆ ಅಡಿ ದೂರದಲ್ಲಿ ಕಾಲುವೆ ಹಾಗೆ ಅಗೆದು ಪಕ್ಕದ ಬೇರು ಕತ್ತರಿಸಿ, ಅದೇ ಕಾಲುವೆಗೆ ಗೊಬ್ಬರ ಮಣ್ಣು ತುಂಬಿ. ತಿಂಗಳು ಬಿಟ್ಟು ಮಳೆ ಹಿಡಿದ ಮೇಲೆ, ಸಂಜೆ ಹೊತ್ತು, ಮಣ್ಣಿನ ಹೆಂಟೆ ಸಮೇತ ಎಬ್ಬಿಸಿ ಗೋಣಿಯಲ್ಲಿ ಕಟ್ಟಿ. ಅರ್ಧ ಎಲೆ ತೆಗೆಯಿರಿ. ಹೊಸ ಗುಂಡಿ ಮೂರು ಅಡಿ ಆಳ, ಮೂರು ಅಡಿ ಅಗಲ. ಹಸಿ ಸಗಣಿ ಹಾಕಬೇಡಿ, ಗೆದ್ದಲು ಬರುತ್ತದೆ. ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಬೊಗಸೆ ಬೇವಿನ ಹಿಂಡಿ ಸಾಕು.

ಸೀಗೆಹಟ್ಟಿ (ಹಾಸನ)

ಬದುಕಿದರೆ ಅದೇ ಗಿಡಕ್ಕೆ ಅಣ್ಣ ಒಳ್ಳೆ ಹಲಸಿನ ಕಡ್ಡಿ ಕಸಿ ಕಟ್ಟಿಸಬಹುದು. ಬೇರು ನಿಮ್ಮನೆಯದು, ಹಣ್ಣು ಬೇಕಾದ್ದು.

ಹಿತ್ತಲಮನೆ (ಮೈಸೂರು)

ಯಜಮಾನರಿಗೆ ಹಣ್ಣಿನ ಆಸೆ ಹೋಗಿಲ್ಲ. ಹಲಸು ಹೋದ ಜಾಗಕ್ಕೆ ಚಿಕ್ಕದಾಗೇ ಉಳಿಯುವ ಹಣ್ಣಿನ ಗಿಡ ಯಾವುದು?

ತಾರಸಿತೋಟ (ಬೆಂಗಳೂರು)

ಆಮ್ರಪಾಲಿ ಮಾವು. ದಶೇರಿ, ನೀಲಂ ಬೆರೆಸಿ ಮಾಡಿದ ತಳಿ, ಮರ ಗಿಡ್ಡ. ಪ್ರತಿ ವರ್ಷ ಕಾಯಿ ಬಿಡುತ್ತದೆ.

ಕಾವೇರಿತೀರ (ಮಂಡ್ಯ)

ಕಮರಾಕ್ಷಿ ಹಾಕಿ. ಏನೂ ಆರೈಕೆ ಬೇಡ, ಗೊಂಚಲು ಗೊಂಚಲು ಕಾಯಿ.

ಬಿಳಿಕೋಟು (ಮಂಗಳೂರು)

ಕಮರಾಕ್ಷಿ, ನಮ್ಮ ಕಡೆಯ ದಾರೆಹುಳಿ, ಗಿಡ ಒಳ್ಳೆಯದೇ. ಆದರೆ ಮನೆಯಲ್ಲಿ ಕಿಡ್ನಿ ತೊಂದರೆ ಇರುವವರು, ಡಯಾಲಿಸಿಸ್‌ಗೆ ಹೋಗುವವರು ಇದ್ದರೆ ಆ ಹಣ್ಣು ಕೊಡಲೇಬಾರದು. ಅವರ ಮೂತ್ರಪಿಂಡ ಆ ಹಣ್ಣಿನ ವಿಷದ ಅಂಶ ಹೊರಹಾಕಲಾರದು. ಬಿಕ್ಕಳಿಕೆಯಿಂದ ಶುರುವಾಗಿ ಅಪಸ್ಮಾರದ ತನಕ ಹೋಗುತ್ತದೆ, ಪ್ರಾಣಕ್ಕೂ ಅಪಾಯ. ಅಕ್ಕಪಕ್ಕ ಹಂಚುವಾಗ ಇದನ್ನು ಹೇಳಿ ಹಂಚಿ.

ಕಾವೇರಿತೀರ (ಮಂಡ್ಯ)

ಇದು ಗೊತ್ತಿರಲಿಲ್ಲ. ನಮ್ಮ ದೊಡ್ಡಪ್ಪನಿಗೆ ಡಯಾಲಿಸಿಸ್ ನಡೀತಿದೆ. ಇವತ್ತೇ ಫೋನ್ ಮಾಡುತ್ತೇನೆ. ದೇವರು ನಿಮಗೆ ಒಳ್ಳೇದು ಮಾಡಲಿ ಅಕ್ಕ.

ಎರೆಮಣ್ಣು (ಧಾರವಾಡ)

ನನ್ನ ಮತ ಸೀತಾಫಲಕ್ಕೆ. ಹೆಸರಘಟ್ಟದ ಅರ್ಕಾ ಸಹನ್ ತಳಿ, ಬೀಜ ಕಡಿಮೆ, ತಿರುಳು ಜಾಸ್ತಿ. ಗಿಡವೂ ಚಿಕ್ಕದು. ಆದರೆ ಕಾಯಿ ಕಚ್ಚಬೇಕಾದರೆ ಸ್ವಲ್ಪ ಕೈಕೆಲಸ ಇದೆ.

ಸೀತಾಫಲದ ಹೂ ಮೊದಲು ಹೆಣ್ಣಾಗಿರುತ್ತದೆ, ಆಮೇಲೆ ಗಂಡಾಗುತ್ತದೆ. ಒಂದೇ ಹೂವಿನಲ್ಲಿ ಎರಡೂ ಒಟ್ಟಿಗೆ ಕೂಡೋದಿಲ್ಲ. ಸಣ್ಣ ದುಂಬಿಗಳು ಈ ಕೆಲಸ ಮಾಡುತ್ತವೆ, ಪೇಟೆಯಲ್ಲಿ ಅವು ಕಡಿಮೆ. ನಾನು ಸಂಜೆ ಪೂರ್ತಿ ಅರಳಿದ ಹೂ ಕಿತ್ತು ಕಾಗದದ ಮೇಲೆ ಕೊಡವುತ್ತೇನೆ, ಕೆನೆ ಬಣ್ಣದ ಪುಡಿ ಬೀಳುತ್ತದೆ. ಬೆಳಗ್ಗೆ ಬೇಗ, ಎಸಳು ಈಗಷ್ಟೇ ಬಾಯಿ ಬಿಟ್ಟ ಹೂ ಹುಡುಕಿ, ಮಕ್ಕಳ ಬಣ್ಣದ ಕುಂಚದಲ್ಲಿ ಆ ಪುಡಿಯನ್ನು ಒಳಗಿನ ಗುಬುಟಿಗೆ ಸುತ್ತ ಸವರುತ್ತೇನೆ. ಮೊಮ್ಮಗಳು ಸ್ಟೂಲ್ ಹಿಡಿದುಕೊಳ್ಳುತ್ತಾಳೆ. ಹತ್ತು ಹೂ ಮುಟ್ಟಿದರೆ ಏಳೆಂಟಾದರೂ ಕಾಯಾಗುತ್ತದೆ. ಸುತ್ತ ಸರಿಯಾಗಿ ಸವರದಿದ್ದರೆ ಹಣ್ಣು ಒಂದು ಕಡೆ ಸೊಟ್ಟ ಆಗುತ್ತದೆ, ಅದರಲ್ಲೇ ಗೊತ್ತಾಗುತ್ತದೆ ಕೈ ಎಲ್ಲಿ ತಪ್ಪಿತು ಅಂತ.

ಬಾಳೆದಿಂಡು (ಹಾವೇರಿ)

ಸರ್, ಇದಕ್ಕೇ ಬೇರೆ ಚರ್ಚೆ ಶುರು ಮಾಡಿ. ನಮ್ಮ ಸೀತಾಫಲದ ಹೂ ಎಲ್ಲ ಉದುರುತ್ತಿದೆ.

ಹಿತ್ತಲಮನೆ (ಮೈಸೂರು), ಜುಲೈ 2

ಸುದ್ದಿ ಹೇಳೋಣ ಅಂತ ಬಂದೆ. ಹಲಸು ಹೆಂಟೆ ಸಮೇತ ಅಣ್ಣನ ತೋಟ ಸೇರಿತು. ಇದ್ದ ಎಲೆ ಎಲ್ಲ ಉದುರಿತ್ತು, ಈಗ ತುದಿಯಲ್ಲಿ ಚಿಗುರು ಕಾಣುತ್ತಿದೆ. ಖಾಲಿ ಜಾಗಕ್ಕೆ ಸೀತಾಫಲ ಬಂದಿದೆ.

ಆದರೆ ಸಂಪಿಗೆ ಎಲೆಗೆ ಹುಳ ಬಿದ್ದಿದೆ! ಹಸಿರು ಹುಳ, ಕಿರುಬೆರಳಷ್ಟು, ಕುತ್ತಿಗೆ ಹತ್ತಿರ ದಪ್ಪ, ಅಲ್ಲಿ ಸಣ್ಣ ಮುಳ್ಳಿನಂಥದ್ದು. ಎಲೆ ಅಂಚಿನಿಂದ ತಿನ್ನುತ್ತಿದೆ. ಅಂಗಡಿಯವರು ಒಂದು ಔಷಧಿ ಕೊಟ್ಟಿದ್ದಾರೆ, ಇನ್ನೂ ಹೊಡೆದಿಲ್ಲ.

ಚಿಟ್ಟೆಹುಡುಗ (ಶಿವಮೊಗ್ಗ)

ಹೊಡೆಯಬೇಡಿ, ಹೊಡೆಯಬೇಡಿ! ಅದು ಚಿಟ್ಟೆಯ ಮರಿ. ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕಿ, ಹಿಂದೆ ಸಣ್ಣ ಬಾಲ, ಒಂದು ಕಡೆ ಕೂರದೆ ಹಾರುತ್ತಲೇ ಇರುವ ಚಿಟ್ಟೆ. ಸಂಪಿಗೆ, ಸೀತಾಫಲದ ಎಲೆಯೇ ಅದರ ಊಟ. ಇಷ್ಟು ದೊಡ್ಡ ಮರಕ್ಕೆ ಹತ್ತು ಹುಳದಿಂದ ಏನೂ ಆಗದು. ಎರಡು ವಾರದಲ್ಲಿ ಎಲೆಯಡಿ ಹಸಿರು ಕೋಶ ಹುಡುಕಿ, ಮಕ್ಕಳಿಗೆ ತೋರಿಸಿ.

ಹಿತ್ತಲಮನೆ (ಮೈಸೂರು)

ಔಷಧಿ ವಾಪಸ್ ಕೊಟ್ಟೆ. ಮಗ ದಿನಾ ಶಾಲೆಗೆ ಹೋಗುವ ಮುಂಚೆ ಹುಳ ಎಣಿಸುತ್ತಿದ್ದಾನೆ. ಇವತ್ತು ಏಳು.

ಹಿತ್ತಲಮನೆ (ಮೈಸೂರು), ಆಗಸ್ಟ್ 19

ಒಂದು ಅನುಮಾನ. ತಾರಸಿಯಿಂದ ನೋಡಿದರೆ ಕೊಂಬೆಗಳಲ್ಲಿ ಚೂಪಾದ ಮೊಗ್ಗಿನಂಥದ್ದು ತುಂಬಾ ಇದೆ. ಅತ್ತೆ ಮೊಗ್ಗೇ ಅಂತಿದ್ದಾರೆ. ಯಜಮಾನರು ಚಿಗುರು ಅಂತಾರೆ. ಮೇಲೆ ಹೊಂಬಣ್ಣದ ನವಿರು ಕೂದಲಿನ ಹೊದಿಕೆ ಇದೆ.

ಬೆಟ್ಟದಬೇರು (ಶಿರಸಿ)

ಸಂಪಿಗೆಯ ಎಲೆ ಚಿಗುರಿಗೂ ಹೂ ಮೊಗ್ಗಿಗೂ ಅದೇ ಹೊದಿಕೆ, ಎಲ್ಲರೂ ಮೋಸ ಹೋಗುತ್ತಾರೆ. ಕವಲಿನ ತುದಿಯಲ್ಲಿ, ಸೂಜಿ ಹಾಗೆ ತೆಳ್ಳಗಿದ್ದರೆ ಅದು ಎಲೆ. ಎಲೆ ತೊಟ್ಟಿನ ಕಂಕುಳಲ್ಲಿ, ಗಿಡ್ಡ ತೊಟ್ಟಿನ ಮೇಲೆ, ನಡು ಉಬ್ಬಿದ್ದರೆ ಹೂ. ಎಲ್ಲಿದೆ ಸರಿಯಾಗಿ ನೋಡಿ ಹೇಳಿ.

ಎರೆಮಣ್ಣು (ಧಾರವಾಡ)

ನಾನೂ ಕಾಯುತ್ತಿದ್ದೇನೆ ಮೇಡಂ.

ಹಿತ್ತಲಮನೆ (ಮೈಸೂರು)

ಏಣಿ ಹಾಕಿ ಹತ್ತಿ ನೋಡಿದೆ. ತುದಿಯಲ್ಲಿರೋದು ಎಲ್ಲ ತೆಳ್ಳಗೆ, ಎಲೆಯೇ. ಆದರೆ ಪೂರ್ವದ ಕೊಂಬೆಯಲ್ಲಿ ಎರಡು ಇವೆ, ಕಂಕುಳಲ್ಲಿ, ನಡು ಉಬ್ಬಿದೆ. ಕೆಳಗೆ ಅತ್ತೆ ಏಣಿ ಹಿಡಿದುಕೊಂಡು "ಏನಾಯ್ತು, ಏನಾಯ್ತು" ಅಂತ ಕೇಳುತ್ತಲೇ ಇದ್ದರು.